ಹೆಗಲೇರಿದ ಕಿತ್ತಳೆ ಅಂಗಿ

ಗಣೇಶಗುಡಿಯಲ್ಲಿ ಕಾಳಿ ನದಿಗೆ ಇಳಿಯುವ ಮುನ್ನ ಹುಡುಗ ಹುಡುಗಿಯರು ಲೈಫ್ ಜಾಕೆಟ್ ತೊಡುವುದನ್ನು ನೋಡುವುದೆಂದರೆ ನನಗೆ ಬಲು ಇಷ್ಟ. ಒಂದು ಕಾಲಕ್ಕೆ ಇದರೊಳಗೆ ಬಿಳಿ ಬೂರುಗದ ಅರಳೆ ತುಂಬುತ್ತಿದ್ದರು, ದಿಂಬಿಗೆ ತುಂಬುವ ಅದೇ ಅರಳೆ. ಈಗ ಫೋಮ್. ಅದರೊಳಗೆ ಲೆಕ್ಕವಿಲ್ಲದಷ್ಟು ಪುಟ್ಟ ಗಾಳಿಗೂಡುಗಳು, ಒಂದಕ್ಕೊಂದು ದಾರಿಯಿಲ್ಲ. ಒಂದೆಡೆ ಹರಿದರೂ ನೀರು ಒಳಗೆಲ್ಲ ಹಬ್ಬದು. ಎಷ್ಟು ಸರಳ, ಎಷ್ಟು ಜಾಣ ಉಪಾಯ!

ಆದರೆ ಅದರ ಜೀವ ಇರುವುದು ಪಟ್ಟಿಗಳಲ್ಲಿ. ಬಕಲ್ ‘ಟಕ್’ ಎನ್ನಬೇಕು, ಪಟ್ಟಿ ಮೈಗೆ ಬಿಗಿಯಬೇಕು. ಬಳಿಕ ಗೆಳೆಯನೊಬ್ಬ ಹೆಗಲ ಭಾಗ ಹಿಡಿದು ಮೇಲಕ್ಕೆತ್ತಿ ನೋಡಬೇಕು; ಜಾಕೆಟ್ ಗಲ್ಲ ದಾಟಿ ಕಿವಿಯ ತನಕ ಬಂದರೆ ಅದು ಸಡಿಲ. ಅಣ್ಣನದನ್ನು ತಮ್ಮನಿಗೆ ಹಾಕಿ ‘ನಡೆಯುತ್ತೆ ಬಿಡು’ ಅನ್ನುವುದು ಇಲ್ಲಿ ಸಲ್ಲದು. ತೂಕಕ್ಕೆ ತಕ್ಕ ಅಳತೆಯೇ ಬೇಕು.

ಒಳಗೆ ಜೀನ್ಸ್ ಬೇಡ, ನೆನೆದರೆ ಕಾಲಿಗೆ ಕಲ್ಲು ಕಟ್ಟಿದಂತೆ. ಬೇಗ ಒಣಗುವ ಟೀ ಶರ್ಟ್, ಚಡ್ಡಿ, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಸಾಕು. ಕನ್ನಡಕಕ್ಕೊಂದು ದಾರ. ದಡದಲ್ಲಿ ಬಿಟ್ಟ ಚೀಲದಲ್ಲಿ ಒಣಬಟ್ಟೆ, ಟವೆಲ್.

ಮರಳಿ ಬಂದ ಮೇಲೆ ಜಾಕೆಟ್ಟುಗಳನ್ನು ನೆರಳಲ್ಲಿ ಸಾಲಾಗಿ ತೂಗುಹಾಕುತ್ತಾರೆ. ಅಂಚಿನಿಂದ ಕಾಳಿಯ ನೀರು ಬಹಳ ಹೊತ್ತು ತೊಟ್ಟಿಕ್ಕುತ್ತಿರುತ್ತದೆ.