ಒಂದು ಬಳ್ಳಿಗೆ ಒಂದೇ ಕಾಯಿ

ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯದ ವಿಂಡ್ಸರ್‌ನಲ್ಲಿ ಹೊವರ್ಡ್ ಡಿಲ್ ಎಂಬ ರೈತರಿದ್ದರು. ವರ್ಷವರ್ಷವೂ ಒಳ್ಳೆಯ ಕುಂಬಳಕಾಯಿಯ ಬೀಜವನ್ನೇ ಆರಿಸಿ ಬಿತ್ತುತ್ತ ಅವರು ರೂಪಿಸಿದ ತಳಿ ‘ಅಟ್ಲಾಂಟಿಕ್ ಜೈಂಟ್’. ಇವತ್ತು ಸ್ಪರ್ಧೆಗಳಲ್ಲಿ ತಕ್ಕಡಿ ಏರುವ ದೈತ್ಯ ಕುಂಬಳಗಳೆಲ್ಲ ಹೆಚ್ಚುಕಡಿಮೆ ಆ ವಂಶದವೇ. 2023ರಲ್ಲಿ ಅಮೆರಿಕದ ಮಿನೆಸೋಟದ ಟ್ರಾವಿಸ್ ಗಿಂಗರ್ ಬೆಳೆದದ್ದು 1,247 ಕಿಲೋ ತೂಗಿತು.

ನನಗೆ ತೂಕಕ್ಕಿಂತ ಹೆಚ್ಚು ಮೆಚ್ಚುಗೆ ಬೆಳೆಗಾರರ ಆರೈಕೆಯ ಮೇಲೆ. ಹೆಣ್ಣುಹೂ ಅರಳುವ ಹಿಂದಿನ ಸಂಜೆಯೇ ಅದರ ದಳಗಳನ್ನು ಕಟ್ಟಿಡುತ್ತಾರೆ, ಬೇರೆ ಪರಾಗ ಹೊತ್ತ ಜೇನ್ನೊಣ ನುಗ್ಗದಂತೆ. ಬೆಳಗಾಗುತ್ತಲೇ ಗಂಡುಹೂವಿನ ದಳ ಕಿತ್ತು, ಒಳಗಿನ ಕೇಸರವನ್ನು ಹೆಣ್ಣುಹೂವಿನ ನಡುವೆ ಮೆಲ್ಲಗೆ ಸವರುತ್ತಾರೆ. ಕಾಯಿ ಕಚ್ಚಿದ ಮೇಲೆ ಒಂದನ್ನುಳಿಸಿ ಮಿಕ್ಕ ಹೀಚುಗಳನ್ನೆಲ್ಲ ಚಿವುಟಬೇಕು. ಅದಕ್ಕೆ ಮನಸ್ಸು ಗಟ್ಟಿ ಇರಬೇಕು! ಬಳ್ಳಿಯ ಗೆಣ್ಣುಗಳ ಮೇಲೆ ಮಣ್ಣೆಳೆದರೆ ಅಲ್ಲೂ ಬೇರಿಳಿದು ನೀರು, ಸಾರ ಹೀರುತ್ತದೆ. ಭರದಿಂದ ಬೆಳೆಯುವ ವಾರಗಳಲ್ಲಿ ಕಾಯಿ ಒಂದೇ ದಿನಕ್ಕೆ 20 ಕಿಲೋ ಕೂಡಿಸಿಕೊಳ್ಳುವುದುಂಟು. ಬಿಸಿಲಿಗೆ ಸಿಪ್ಪೆ ಗಡುಸಾದರೆ ಬಿರಿದೀತೆಂದು ಮೇಲೊಂದು ಬಟ್ಟೆಯ ನೆರಳು. ಬಿರುಕು ಒಳಗಿನ ಪೊಳ್ಳು ಮುಟ್ಟಿದರೆ ಸ್ಪರ್ಧೆಯಿಂದ ಹೊರಗೆ.

ತಿನ್ನಲು ಈ ಕಾಯಿ ಸಪ್ಪೆ. ಆದರೆ ಗೆದ್ದದ್ದರ ಬೀಜಕ್ಕೆ ಬೆಳೆಗಾರರು ಮುಗಿಬೀಳುತ್ತಾರೆ. ತಾಯಿಬಳ್ಳಿ ಯಾವುದು, ಪರಾಗ ಕೊಟ್ಟದ್ದು ಯಾವುದು ಎಂದು ಪ್ರತಿ ಬೀಜದ ಜೊತೆ ಬರೆದಿಟ್ಟಿರುತ್ತಾರೆ.