ಬೋಪಣ್ಣ ಆಡಿದ್ದು ಬೇರೆಯೇ ಆಟ

ರೋಹನ್ ಬೋಪಣ್ಣ 2024ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಎಲ್ಲರ ಬಾಯಲ್ಲೂ ಅವರ ವಯಸ್ಸಿನದೇ ಮಾತು. 43 ವರ್ಷ! ಹೊಗಳಿಕೆಯ ಬೆನ್ನಿಗೇ ಒಂದು ಕೊಂಕೂ ಇತ್ತು: ಡಬಲ್ಸ್ ತಾನೇ, ಅರ್ಧ ಅಂಗಳ ನೋಡಿಕೊಂಡರಾಯಿತು, ಸಿಂಗಲ್ಸ್‌ನಲ್ಲಿ ದಡ ಸೇರದವರು ಹಿಡಿಯುವ ದಾರಿ ಅದು. ಕೊಂಕಿಗೆ ಆಧಾರವಿಲ್ಲದಿಲ್ಲ. 2003ರಲ್ಲಿ ವೃತ್ತಿಪರರಾದ ಈ ಕೊಡಗಿನ ಆಟಗಾರ ಸಿಂಗಲ್ಸ್‌ನಲ್ಲಿ ಏರಿದ್ದು 213ನೇ ಸ್ಥಾನದವರೆಗೆ ಮಾತ್ರ. ಆದರೆ ಸಿಂಗಲ್ಸ್ ಸೋಲನ್ನು ಡಬಲ್ಸ್ ಗೆಲುವಿಗೆ ಕಾರಣವೆನ್ನುವುದು, ಓಟದಲ್ಲಿ ಹಿಂದೆ ಬಿದ್ದದ್ದಕ್ಕೇ ಒಬ್ಬ ಒಳ್ಳೆಯ ಈಜುಗಾರನಾದ ಎಂದಂತೆ.

ಡಬಲ್ಸ್ ಅಂಗಳ ಸಿಂಗಲ್ಸ್‌ಗಿಂತ ಅಗಲ ಒಂಬತ್ತೇ ಅಡಿ. ಆಟವನ್ನು ಬದಲಿಸುವುದು ಆ ಒಂಬತ್ತು ಅಡಿಗಿಂತ ಹೆಚ್ಚಾಗಿ ನೆಟ್ ಬಳಿ ಹೊಂಚು ಹಾಕಿ ನಿಂತ ನಾಲ್ಕನೆಯ ಮನುಷ್ಯ, ಅಂದರೆ ಸರ್ವರ್‌ನ ಜೊತೆಗಾರ. ಸಿಂಗಲ್ಸ್‌ನಲ್ಲಿ ಎತ್ತರವಾಗಿ, ಆಳಕ್ಕೆ ಬೀಳುವ ರಿಟರ್ನ್ ಒಳ್ಳೆಯದೇ. ಇಲ್ಲಿ ಅದು ಅವನ ಬಾಯಿಗೆ ತುತ್ತು. ಚೆಂಡು ನೆಟ್ ಸವರಿಕೊಂಡು ಹೋಗಿ, ಮುನ್ನುಗ್ಗುತ್ತಿರುವ ಸರ್ವರ್‌ನ ಕಾಲಬಳಿ ಬೀಳಬೇಕು. ಆ ಆಸ್ಟ್ರೇಲಿಯನ್ ಓಪನ್ ಫೈನಲ್‌ನ ಮೊದಲ ಸೆಟ್ಟಿನ ಟೈಬ್ರೇಕ್ ನೋಡಿ. ಬೋಪಣ್ಣ ಮತ್ತು ಅವರ ಜೊತೆಗಾರ ಮ್ಯಾಥ್ಯೂ ಎಬ್ಡನ್ ಇಟಲಿಯ ಬೊಲೆಲ್ಲಿ, ವಾವಸೋರಿ ಜೋಡಿಗೆ ಒಂದೇ ಒಂದು ಪಾಯಿಂಟ್ ಕೊಡಲಿಲ್ಲ: 7-0. ಆ ಏಳರಲ್ಲಿ ಕನಿಷ್ಠ ಮೂರು ಬಂದದ್ದು ಎದುರಾಳಿಗಳ ಸರ್ವ್‌ನಲ್ಲೇ.

ವಯಸ್ಸಿಗೆ ಡಬಲ್ಸ್ ಹಗುರ ಎನ್ನುವುದನ್ನು ಒಪ್ಪೋಣ. ಹಾಗಿದ್ದರೆ ನಲವತ್ತು ದಾಟಿದ ಚಾಂಪಿಯನ್ನರ ಸಾಲೇ ಇರಬೇಕಿತ್ತಲ್ಲ? ಓಪನ್ ಯುಗದಲ್ಲಿ ಪುರುಷರ ಡಬಲ್ಸ್ ಗ್ರ್ಯಾಂಡ್ ಸ್ಲಾಮ್ ಗೆದ್ದ ಅತಿ ಹಿರಿಯ ಇವರೇ. ಅದೂ ಮೃದ್ವಸ್ಥಿ ಸವೆದ ಮೊಣಕಾಲುಗಳನ್ನು ಅಯ್ಯಂಗಾರ್ ಯೋಗದಿಂದ ಪಳಗಿಸಿಕೊಂಡು. 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಅಮೆರಿಕನ್ ಓಪನ್ ಫೈನಲ್ ತಲುಪಿ, ಬ್ರಯಾನ್ ಸಹೋದರರಿಗೆ ಎರಡು ಟೈಬ್ರೇಕ್‌ಗಳಲ್ಲಿ ಸೋತವರು. ಅಲ್ಲಿಂದ ಇಲ್ಲಿಗೆ ಹದಿಮೂರು ವರ್ಷಗಳ ಕಲಿಕೆಯಿದೆ.

ಸಿಂಗಲ್ಸ್ ಘಟಾನುಘಟಿಗಳು ವರ್ಷವಿಡೀ ಡಬಲ್ಸ್ ಆಡಿದರೆ ಚಿತ್ರ ಬದಲಾದೀತು ಎಂಬ ಆಕ್ಷೇಪ ಮಾತ್ರ ಗಟ್ಟಿ. ಬದಲಾಗಲೂಬಹುದು; ಅವರೂ ವರ್ಷವಿಡೀ ಈ ಆಟ ಕಲಿತಿರುತ್ತಾರೆ, ಅಷ್ಟೇ. 2025ರ ನವೆಂಬರ್ 1ರಂದು ಬೋಪಣ್ಣ ನಿವೃತ್ತಿ ಘೋಷಿಸಿದರು. ಕೊನೆಯ ಟೂರ್ನಿ ಪ್ಯಾರಿಸ್ ಮಾಸ್ಟರ್ಸ್. ಜೊತೆಗಾರ, ಅದೇ ವರ್ಷ ನಾಲ್ಕು ಸಿಂಗಲ್ಸ್ ಪ್ರಶಸ್ತಿ ಗೆದ್ದಿದ್ದ ಅಲೆಕ್ಸಾಂಡರ್ ಬುಬ್ಲಿಕ್. ಒಂದು ಪಂದ್ಯ ಪುರಾವೆಯಲ್ಲ, ನಿಜ. ಆದರೂ ಹೇಳಿಬಿಡುತ್ತೇನೆ: ಮೊದಲ ಸುತ್ತಿನಲ್ಲೇ ಸೋತರು.