ಸೂಕ್ಷ್ಮತೆಯೂ ನಿರಪಾಯತೆಯೂ: ಲೋಹಕಣವಿಚಾರ

ಲೋಹದ ಅತಿಸೂಕ್ಷ್ಮ ಕಣಗಳು ಮನುಷ್ಯನ ಶ್ವಾಸಕೋಶಕ್ಕೆ ಅಪಾಯಕರವೇ ಅಲ್ಲವೇ ಎಂಬ ಪ್ರಶ್ನೆಗೆ ಎರಡು ಬಗೆಯ ಸುಲಭೋತ್ತರಗಳುಂಟು. ಪ್ರಾಚೀನರ ಲೋಹಭಸ್ಮಗಳೇ ನ್ಯಾನೋ ದ್ರವ್ಯಗಳಾದುದರಿಂದ ನ್ಯಾನೋ ಲೋಹವು ನಿರಪಾಯವೆಂಬುದು ಮೊದಲನೆಯದು. ಕಣಗಳನ್ನು ಬೆರಸಿದರೂ ಶ್ವಾಸಕೋಶದ ಜೀವಕೋಶಗಳು ಸಾಯಲಿಲ್ಲವಾದುದರಿಂದ ಅವು ನಿರಪಾಯವೆಂಬುದು ಎರಡನೆಯದು. ಇವೆರಡರ ಪ್ರಾಮಾಣ್ಯವೂ ಪರೀಕ್ಷಣೀಯವಾಗಿದೆ.

ರಸರತ್ನಸಮುಚ್ಚಯವೇ ಮೊದಲಾದ ಗ್ರಂಥಗಳು ಭಸ್ಮಕ್ಕೆ ಹೇಳುವ ಲಕ್ಷಣಗಳಲ್ಲಿ ರೇಖಾಪೂರ್ಣ, ವಾರಿತರ, ಅಪುನರ್ಭವ ಎಂಬ ಮೂರು ಮುಖ್ಯವಾದುವು. ಬೆರಳ ರೇಖೆಗಳನ್ನು ಹೊಕ್ಕು ನಿಲ್ಲುವುದು, ನಿಶ್ಚಲವಾದ ನೀರಿನ ಮೇಲೆ ತೇಲುವುದು, ಬೆಲ್ಲ ತುಪ್ಪ ಜೇನು ಬಿಳಿಗಾರ ಮೊದಲಾದುವುಗಳೊಡನೆ ಕಾಸಿದರೂ ಮರಳಿ ಲೋಹವಾಗದಿರುವುದು ಎಂದು ಕ್ರಮವಾಗಿ ಇವುಗಳ ಅರ್ಥ. ನ್ಯಾನೋಮೀಟರೆಂದರೆ ಒಂದು ಮೀಟರಿನ ನೂರು ಕೋಟಿಯಲ್ಲೊಂದು ಭಾಗ. ಒಂದರಿಂದ ನೂರು ನ್ಯಾನೋಮೀಟರಿನವರೆಗಿನ ಕಣಗಳಿಗೆ ಸಾಮಾನ್ಯವಾಗಿ ನ್ಯಾನೋ ಎಂಬ ವ್ಯವಹಾರವಿದೆ. ಬೆರಳಿನ ರೇಖೆಗಳ ನಡುವಣ ಅಂತರವಾದರೋ ಸುಮಾರು ಅರ್ಧ ಮಿಲಿಮೀಟರು, ಎಂದರೆ ಐದು ಲಕ್ಷ ನ್ಯಾನೋಮೀಟರು. ಆದುದರಿಂದ ರೇಖಾಪೂರ್ಣತ್ವವು ಪುಡಿಯ ನುಣುಪಿಗೆ ಸಾಕ್ಷಿಯೇ ಹೊರತು ನ್ಯಾನೋತ್ವಕ್ಕಲ್ಲ. ಕೆಲವು ಭಸ್ಮಗಳಲ್ಲಿ ಅಂತಹ ಕಣಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಗೋಚರವಾಗಿರುವುದು ದಿಟ. ಅದು ಯಂತ್ರದಿಂದ ಲಭಿಸಿದ ಜ್ಞಾನ, ಶ್ಲೋಕದ ಅರ್ಥವಲ್ಲ. ಮೇಲಾಗಿ ಆ ಗ್ರಂಥಗಳು ಶೋಧನ ಮಾರಣಗಳನ್ನು ವಿಧಿಸಿ, ಸರಿಯಾಗಿ ಸಂಸ್ಕಾರಹೊಂದದ ಲೋಹದಿಂದ ಬರುವ ರೋಗಗಳನ್ನೂ ಎಣಿಸುತ್ತವೆ. ಸೂಕ್ಷ್ಮವಾದುದೆಲ್ಲ ನಿರಪಾಯವೆಂಬುದು ಅವುಗಳ ಮತವೇ ಅಲ್ಲ.

ಇನ್ನು ಮಾರ್ಗಭೇದ. ಭಸ್ಮವನ್ನು ಅನುಪಾನದೊಡನೆ ಬಾಯಿಂದ ಸೇವಿಸುವುದು. ಪ್ರಕೃತ ಪ್ರಶ್ನೆಯು ಉಸಿರಿನ ಮೂಲಕ ಹೋಗುವ ಕಣಗಳದು. ಯಶದಭಸ್ಮವು ಬಹುಭಾಗ ಸತುವಿನ ಆಕ್ಸೈಡು. ಅದು ಔಷಧವೆಂದು ಬಾಯಿಂದ ಕೊಡಲ್ಪಡುತ್ತದೆ. ಅದೇ ಆಕ್ಸೈಡನ್ನು ಹೊಗೆಯ ರೂಪದಲ್ಲಿ ಉಸಿರಾಡಿದ ಬೆಸುಗೆಯವರಿಗೂ ಹಿತ್ತಾಳೆ ಎರಕದವರಿಗೂ ಕೆಲವು ಗಂಟೆಗಳ ತರುವಾಯ ಚಳಿಜ್ವರ ಬರುವುದು ಬಹುಕಾಲದಿಂದ ತಿಳಿದ ಸಂಗತಿ. ಬಾಯಿಯ ದೃಷ್ಟಾಂತದಿಂದ ಶ್ವಾಸಕೋಶದ ಕ್ಷೇಮವನ್ನು ಊಹಿಸಲಾಗದೆಂಬುದಕ್ಕೆ ಇದೊಂದೇ ಸಾಕು.

ಹಾಗಾದರೆ ಸೂಕ್ಷ್ಮತೆಯೇ ದೋಷಕಾರಣವೆನ್ನಬಹುದೇ? ಅದೂ ಪೂರ್ಣವಾಗಿ ಸರಿಯಲ್ಲ. ೨೦೧೪ರಲ್ಲಿ ಪ್ರಕಟವಾದ ಸ್ವೀಡನ್ ದೇಶದ ಒಂದು ಸಂಶೋಧನೆಯಲ್ಲಿ ಮನುಷ್ಯನ ಶ್ವಾಸನಾಳದ ಜೀವಕೋಶಗಳ ಮೇಲೆ ೧೦, ೪೦, ೭೫ ನ್ಯಾನೋಮೀಟರು ಮೊದಲಾದ ಅಳತೆಗಳ ಬೆಳ್ಳಿಯ ಕಣಗಳನ್ನು ಪ್ರಯೋಗಿಸಲಾಯಿತು. ೧೦ರ ಕಣಗಳು ಮಾತ್ರವೇ ಕೋಶಗಳನ್ನು ಕೊಂದುವು. ಕೋಶದೊಳಕ್ಕೆ ಹೊಕ್ಕ ಬೆಳ್ಳಿಯ ಮೊತ್ತವು ಇದಕ್ಕೆ ಕಾರಣವೆಂದು ತೋರಲಿಲ್ಲ. ಕಿರಿಯ ಕಣದಿಂದ ಬೆಳ್ಳಿಯು ಹೆಚ್ಚಾಗಿ ಕರಗಿ ಹೊರಬೀಳುತ್ತಿತ್ತು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದಿಲ್ಲ, ಹೊಗೆಗೆ ಹಸಿಯ ಸೌದೆಯೂ ಬೇಕು. ತಾರ್ಕಿಕರು ಉಪಾಧಿಯೆಂದು ಹೇಳುವ ಆ ಹಸಿ ಸೌದೆಯ ಸ್ಥಾನದಲ್ಲಿ ಇಲ್ಲಿ ಕರಗುವಿಕೆಯಿದೆ.

ಎರಡನೆಯ ವಾದವನ್ನು ನೋಡಬೇಕು. ಇಂತಹ ಪ್ರಯೋಗಗಳಲ್ಲಿ ಬಹಳವಾಗಿ ಬಳಕೆಯಾಗುವ ಎ-೫೪೯ ಎಂಬ ಕೋಶಸಂತತಿಯು ೧೯೭೨ರಲ್ಲಿ ೫೮ ವರ್ಷದ ಪುರುಷನೊಬ್ಬನ ಶ್ವಾಸಕೋಶದ ಕ್ಯಾನ್ಸರ್ ಗಂಟಿನಿಂದ ತೆಗೆದು ಬೆಳೆಸಿದುದು. ಅದು ಸಾಧಾರಣವಾಗಿ ಪೋಷಕದ್ರವದಲ್ಲಿ ಮುಳುಗಿರುತ್ತದೆ. ಜೀವಂತ ಶ್ವಾಸಕೋಶದಲ್ಲಿಯಾದರೋ ಗಾಳಿಯ ಸ್ಪರ್ಶ, ಲೋಳೆ, ಕಣಗಳನ್ನು ನುಂಗುವ ಭಕ್ಷಕಕೋಶಗಳು, ವರ್ಷಾನುಗಟ್ಟಲೆಯ ಉಸಿರಾಟ ಇವೆಲ್ಲ ಇವೆ. ಕೋಶಗಳು ಬದುಕಿರುವುದನ್ನು ಬಣ್ಣದ ಬದಲಾವಣೆಯಿಂದ ಅರಿಯುವ ಪರೀಕ್ಷೆಯಲ್ಲಿ ಕೆಲವು ಕಣಗಳು ತಾವೇ ಬೆಳಕನ್ನು ಹೀರಿ ಅಥವಾ ಬಣ್ಣದೊಡನೆ ಬೆರೆತು ಫಲವನ್ನು ಕೆಡಿಸುವುದೂ ಉಂಟು. ಅಲ್ಲಿ ಹೇತುವೇ ಸಂದಿಗ್ಧವಾಗುತ್ತದೆ.

ವ್ಯಭಿಚಾರಕ್ಕೆ ಉದಾಹರಣೆಯೂ ಇದೆ. ಬಣ್ಣಗಳಿಗೆ ಬಿಳುಪು ಕೊಡುವ ಟೈಟೇನಿಯಂ ಡೈಆಕ್ಸೈಡಿನಿಂದ ಅನೇಕ ಪ್ರಯೋಗಗಳಲ್ಲಿ ಶ್ವಾಸಕೋಶದ ಕೋಶಗಳು ಅಷ್ಟಾಗಿ ಸಾಯಲಿಲ್ಲ. ಆದರೆ ಅದನ್ನು ಅಧಿಕಪ್ರಮಾಣದಲ್ಲಿ ದೀರ್ಘಕಾಲ ಉಸಿರಾಡಿದ ಇಲಿಗಳ ಶ್ವಾಸಕೋಶದಲ್ಲಿ ಗಂಟುಗಳು ಕಂಡುವು. ೨೦೦೬ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ಅದನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕವಾಗಬಹುದಾದ ದ್ರವ್ಯಗಳ ವರ್ಗದಲ್ಲಿ ಸೇರಿಸಿತು. ಭಾರದಿಂದ ತುಂಬಿಹೋದ ಇಲಿಯ ಶ್ವಾಸಕೋಶವು ಮನುಷ್ಯನಿಗೆ ಎಷ್ಟರಮಟ್ಟಿಗೆ ದೃಷ್ಟಾಂತವಾದೀತೆಂಬ ವಿವಾದವೂ ಇದೆ. ಹೇಗಾದರೂ, ಕೋಶವು ಸಾಯದಿದ್ದುದೇ ಕ್ಷೇಮವೆಂಬ ವ್ಯಾಪ್ತಿಯು ನಿಲ್ಲಲಾರದು. ಇಷ್ಟರಿಂದ ಕೋಶಪರೀಕ್ಷೆಯು ವ್ಯರ್ಥವೆಂದಾಗುವುದಿಲ್ಲ. ದೋಷವು ಹುಟ್ಟುವ ಬಗೆಯನ್ನು ತೋರಿಸಿ, ಯಾವ ದ್ರವ್ಯವನ್ನು ಮೊದಲು ಶಂಕಿಸಬೇಕೆಂದು ಸೂಚಿಸುವುದರಲ್ಲಿ ಅದಕ್ಕೆ ಬೆಲೆಯಿದೆ. ಕೊನೆಯ ತೀರ್ಪನ್ನು ಕೊಡುವುದರಲ್ಲಿಲ್ಲ.

ಆದುದರಿಂದ ‘ನ್ಯಾನೋ ಲೋಹವು ನಿರಪಾಯ’ ಎಂಬುದೂ ‘ಅಪಾಯ’ ಎಂಬುದೂ ಆಕಾಂಕ್ಷೆ ತೀರದ ವಾಕ್ಯಗಳು. ಯಾವ ಲೋಹ, ಎಷ್ಟು ಗಾತ್ರ, ಕರಗುವುದೋ ಇಲ್ಲವೋ, ಯಾವ ಮಾರ್ಗ, ಎಷ್ಟು ಪ್ರಮಾಣ, ಎಷ್ಟು ಕಾಲ ಎಂಬ ಪದಗಳು ಕೂಡಿದಲ್ಲದೆ ಅರ್ಥಬೋಧವಾಗದು. ಕನ್ನಡದಲ್ಲಿ ವಿಜ್ಞಾನವನ್ನು ಬರೆಯುವವರು ಈ ಪದಗಳನ್ನು ಲಾಘವಕ್ಕೆಂದು ಬಿಡತಕ್ಕದ್ದಲ್ಲ. ಆ ಪುಡಿಯನ್ನು ಅರೆದು ಚೀಲಕ್ಕೆ ತುಂಬುವವನ ಉಸಿರು ಬಿಟ್ಟುಹೋದ ಆ ಪದಗಳನ್ನೇ ಅವಲಂಬಿಸಿರುತ್ತದೆ.